ಕ್ಯಾಲಿಫೋರ್ನಿಯಾದ ಬೇ ಏರಿಯಾಕ್ಕೆ ಹೊಸದಾಗಿ ಬಂದವರಿಗೆ: ಕಸದ ಬಿಲ್ ಎಲ್ಲಿಂದ ಬರತ್ತೆ, ಯಾರ ಹೆಸರಿಗೆ ಬರತ್ತೆ

ಅಪಾರ್ಟ್‌ಮೆಂಟಲ್ಲಿ ಇರೋವರೆಗೂ ಕಸಕ್ಕೂ ಒಂದು ಬಿಲ್ ಇದೆ ಅನ್ನೋದೇ ಗೊತ್ತಾಗಲ್ಲ, ಬಾಡಿಗೆ ಜೊತೆ ನೀರು, ಕಸ ಅಂತ ಸೇರಿಸಿ ತಗೊಂಡ್ಬಿಡ್ತಾರೆ, ನಾವು ಚೀಲ ಹಿಡ್ಕೊಂಡು ಹೋಗಿ ಕೆಳಗಡೆ ದೊಡ್ಡ ಡಬ್ಬಕ್ಕೆ ಹಾಕಿ ಬರ್ತೀವಿ ಅಷ್ಟೆ. ಬಿಡಿ ಮನೆ ಹಿಡಿದಾಗ್ಲೇ ಗೊಂದಲ ಶುರುವಾಗೋದು. ಇಲ್ಲಿ ರಸ್ತೆ ದಾಟಿದ್ರೆ ಊರು ಬದಲಾಗತ್ತೆ, ಊರು ಬದಲಾದ್ರೆ ಕಸದ ಬಿಲ್ ಬರೋ ದಾರಿನೇ ಬದಲಾಗತ್ತೆ.

ಮೊದ್ಲು ಸ್ಯಾಂಟಾ ಕ್ಲಾರಾ. ಇಲ್ಲಿ ಕರೆಂಟ್ ಸಿಟಿದೇ, ಸಿಲಿಕಾನ್ ವ್ಯಾಲಿ ಪವರ್ ಅಂತ, 1896ರಿಂದ ನಡೀತಿದೆ. ಕರೆಂಟ್, ನೀರು, ಒಳಚರಂಡಿ, ಕಸ ಎಲ್ಲ ಸಿಟಿ ಯುಟಿಲಿಟಿಯ ಒಂದೇ ಬಿಲ್ಲಲ್ಲಿ ಬರತ್ತೆ, ಗ್ಯಾಸ್ ಮಾತ್ರ ಪಿಜಿ ಅಂಡ್ ಇ ಅನ್ನೋ ಖಾಸಗಿ ಕಂಪನಿದು. ಪಾಲೋ ಆಲ್ಟೋದಲ್ಲಿ ಗ್ಯಾಸೂ ಸಿಟಿದೇ. ಸನಿವೇಲ್, ಮೌಂಟನ್ ವ್ಯೂನಲ್ಲಿ ಕರೆಂಟ್ ಬೇರೆ, ಆದ್ರೆ ನೀರು ಮತ್ತೆ ಕಸ ಸಿಟಿ ಬಿಲ್ಲಲ್ಲಿ. ಕ್ಯುಪರ್ಟಿನೋ, ಫ್ರೀಮಾಂಟ್ ಕಡೆ ಲಾರಿ ಓಡಿಸೋ ಕಂಪನಿನೇ ನೇರ ಬಿಲ್ ಕಳಿಸತ್ತೆ, ಅಂದ್ರೆ ಅದಕ್ಕೆ ಬೇರೆ ಅಕೌಂಟ್.

ಸ್ಯಾನ್ ಹೋಸೆ ಕಥೆನೇ ಬೇರೆ. 2015ರ ಜುಲೈಯಿಂದ ಬಿಡಿ ಮನೆಗಳ ಕಸದ ಚಾರ್ಜ್ ಪ್ರಾಪರ್ಟಿ ಟ್ಯಾಕ್ಸ್ ಬಿಲ್ಲಿಗೆ ಸೇರಿಸಿದ್ದಾರೆ. ಬಾಡಿಗೆಗೆ ಇದ್ರೆ ನಿಮಗೆ ಬಿಲ್ಲೇ ಬರಲ್ಲ, ಓನರಿಗೆ ಹೋಗತ್ತೆ, ಅವರು ಅದನ್ನ ನಿಮ್ಮಿಂದ ತಗೋತಾರಾ ಇಲ್ವಾ ಅನ್ನೋದು ಲೀಸಲ್ಲಿ ಬರೆದಿರಬೇಕು, ಸೈನ್ ಹಾಕೋ ಮುಂಚೆ ಕೇಳಿ. ಸ್ವಂತ ಮನೆ ತಗೊಂಡವರಿಗೆ ಟ್ಯಾಕ್ಸ್ ಎರಡು ಕಂತಲ್ಲಿ ಬರತ್ತೆ, ಡಿಸೆಂಬರ್ 10 ಮತ್ತು ಏಪ್ರಿಲ್ 10 ದಾಟಿದ್ರೆ 10 ಪರ್ಸೆಂಟ್ ದಂಡ. ಇನ್ನೊಂದು, ಆ ಬಿಲ್ಲಲ್ಲಿ ಕಸಕ್ಕೆ ಅಂತ ಬೇರೆ ಸಾಲಲ್ಲಿ ಇರೋ ದುಡ್ಡನ್ನ ಇನ್ಕಮ್ ಟ್ಯಾಕ್ಸಲ್ಲಿ ಪ್ರಾಪರ್ಟಿ ಟ್ಯಾಕ್ಸ್ ಅಂತ ತೋರಿಸೋ ಹಾಗಿಲ್ಲ, ಅದು ಸೇವೆಯ ಶುಲ್ಕ. ಒಟ್ಟು ಮೊತ್ತನೇ ಹಾಕ್ಬಿಡೋರು ತುಂಬಾ ಜನ ಇದ್ದಾರೆ, ದಯವಿಟ್ಟು ನೋಡ್ಕೊಳ್ಳಿ. ಬೆಂಗಳೂರಲ್ಲಿ ಮನೆ ಇಟ್ಕೊಂಡಿರೋರಿಗೂ ಒಂದು ಮಾತು, ಅಲ್ಲೂ 2025ರ ಏಪ್ರಿಲಿಂದ ಕಸದ ಶುಲ್ಕ ಪ್ರಾಪರ್ಟಿ ಟ್ಯಾಕ್ಸ್ ಜೊತೆಗೇ ಬರ್ತಿದೆ, ಕಟ್ಟಡದ ಅಳತೆ ಮೇಲೆ ತಿಂಗಳಿಗೆ 10 ರೂಪಾಯಿಂದ 400ರವರೆಗೆ.

ನಮಗೆ ಆಗಿದ್ದು ಹೇಳ್ತೀನಿ. ಒಂದು ಊರಿಂದ ಪಕ್ಕದೂರಿಗೆ ಮನೆ ಬದಲಾಯಿಸಿದಾಗ ಕರೆಂಟ್, ನೀರು, ಇಂಟರ್ನೆಟ್ ಎಲ್ಲ ಕ್ಲೋಸ್ ಮಾಡಿಸಿದ್ವಿ, ಕಸದ್ದು ಬೇರೆ ಅಕೌಂಟ್ ಅನ್ನೋದು ಮರ್ತೇಹೋಗಿತ್ತು, ಹಳೇ ವಿಳಾಸಕ್ಕೆ ಬಿಲ್ ಹೋಗ್ತಾ ಹೋಗ್ತಾ ಲೇಟ್ ಫೀ ಸೇರ್ಕೊಂಡು ಬಂತು. ಫೋನ್ ಮಾಡಿದ್ರೆ ಖಾಲಿ ಮಾಡಿದ ದಿನಕ್ಕೆ ಪ್ರೂಫ್ ಕೇಳಿದ್ರು, ಓನರ್ ಹತ್ರ ಲೆಟರ್ ತಂದು ಕೊಟ್ಟ ಮೇಲೇ ಮುಗೀತು. ಅದಕ್ಕೇ ಹೇಳೋದು, ಖಾಲಿ ಮಾಡೋ ಒಂದು ವಾರ ಮುಂಚೆ ಕಸದ ಅಕೌಂಟಿಗೂ ಕೊನೆ ದಿನ ಹೇಳಿ, ಕನ್ಫರ್ಮೇಶನ್ ನಂಬರ್ ಬರ್ಕೊಳ್ಳಿ, ಆಟೋ ಪೇ ಇದ್ರೆ ಕೊನೇ ಬಿಲ್ ಬಂದ ಮೇಲೆ ತೆಗೀರಿ.

ಹೊಸ ಅಕೌಂಟ್ ತೆರೆಯುವಾಗ ಎಸ್‌ಎಸ್‌ಎನ್ (ಸೋಶಿಯಲ್ ಸೆಕ್ಯೂರಿಟಿ ನಂಬರ್) ಕೇಳ್ತಾರೆ, ಇನ್ನೂ ಬಂದಿಲ್ಲ ಅಂದ್ರೆ ಪಾಸ್‌ಪೋರ್ಟ್, ಲೀಸ್ ಎರಡೂ ತಗೊಂಡು ಆಫೀಸಿಗೇ ಹೋಗಿ ಕೇಳಿ. ಡೆಪಾಸಿಟ್ ಕೇಳಿದ್ರೆ ಯಾವಾಗ ವಾಪಸ್ ಅಂತಾನೂ ಕೇಳಿ. ಅಡ್ರೆಸ್ಸಲ್ಲಿ ಸ್ಯಾನ್ ಹೋಸೆ ಅಂತಿದ್ರೂ ಮನೆ ಸಿಟಿ ಗಡಿಯೊಳಗೆ ಇಲ್ದೆ ಕೌಂಟಿಗೆ (ನಮ್ಮ ಜಿಲ್ಲೆ ಥರ) ಸೇರಿರೋದೂ ಉಂಟು, ಆಗ ಮೇಲೆ ಹೇಳಿದ್ದು ಲೆಕ್ಕಕ್ಕಿಲ್ಲ, ಓನರನ್ನೇ ಕೇಳಿ.

ದುಡ್ಡು ಉಳಿಯೋದು ಡಬ್ಬದ ಸೈಜಲ್ಲಿ. ಸ್ಯಾನ್ ಹೋಸೆಯಲ್ಲಿ 20, 32, 64, 96 ಗ್ಯಾಲನ್ ಅಂತ ಇದೆ, ದೊಡ್ಡದಾದಷ್ಟೂ ರೇಟ್ ಜಾಸ್ತಿ. ಹಿಂದಿನವರು 96 ಇಟ್ಕೊಂಡಿದ್ರೆ ನಿಮಗೂ ಅದೇ ಮುಂದುವರಿಯತ್ತೆ, ನೀವೇ ಕೇಳಿ ಬದಲಾಯಿಸ್ಬೇಕು, ಬಾಡಿಗೆದಾರರು ಓನರ್ ಮೂಲಕ ಕೇಳಿಸಿ. ತರಕಾರಿ ಸಿಪ್ಪೆ, ಉಳಿದ ಅನ್ನ ಎಲ್ಲಿಗೆ ಅನ್ನೋದೂ ಊರಿಂದೂರಿಗೆ ಬೇರೆ. 2022ರ ಜನವರಿಯಿಂದ ಕ್ಯಾಲಿಫೋರ್ನಿಯಾ ಪೂರ್ತಿ ಹಸಿ ಕಸ ಲ್ಯಾಂಡ್‌ಫಿಲ್ಲಿಗೆ ಹೋಗದ ಹಾಗೆ ನೋಡ್ಕೊಬೇಕು ಅಂತ ಕಾನೂನಿದೆ, ಪಾಲೋ ಆಲ್ಟೋದಲ್ಲಿ ಅದು ಹಸಿರು ಡಬ್ಬಕ್ಕೆ, ಸ್ಯಾನ್ ಹೋಸೆಯಲ್ಲಿ ಮಾತ್ರ ಮಾಮೂಲಿ ಕಸದ ಡಬ್ಬಕ್ಕೇ, ಆಮೇಲೆ ಅವರೇ ಬೇರ್ಪಡಿಸ್ತಾರೆ.

ರೇಟ್ ಏರಿಸೋ ಮುಂಚೆ ಪೋಸ್ಟಲ್ಲಿ ಒಂದು ನೋಟೀಸ್ ಬರತ್ತೆ, ನೋಡೋಕೆ ಜಾಹೀರಾತಿನ ಥರಾನೇ ಇರತ್ತೆ, ಎಸೀಬೇಡಿ. ರೇಟ್ ಬಗ್ಗೆ ನಡೆಯೋ ಸಾರ್ವಜನಿಕ ಹಿಯರಿಂಗಿಗೆ 45 ದಿನ ಮುಂಚೆ ಕಳಿಸ್ಬೇಕು ಅಂತ ರೂಲ್ ಇದೆ, ಅಷ್ಟರಲ್ಲಿ ಬರವಣಿಗೆಯಲ್ಲಿ ಆಕ್ಷೇಪಣೆ ಕೊಡ್ಬಹುದು, ಬಿಲ್ ನೇರವಾಗಿ ಕಟ್ಟೋ ಬಾಡಿಗೆದಾರರಿಗೂ ಆ ಹಕ್ಕಿದೆ, ಒಂದು ಮನೆಯಿಂದ ಒಂದೇ ಆಕ್ಷೇಪಣೆ ಲೆಕ್ಕಕ್ಕೆ ಬರತ್ತೆ.

ಮನೆ ಬಿಡುವಾಗ ಡಬ್ಬಗಳನ್ನ ಹೊಸ ಮನೆಗೆ ತಗೊಂಡ್ಹೋಗಬೇಡಿ, ಅವು ಆ ವಿಳಾಸಕ್ಕೆ ಸೇರಿದ್ದು. ಖಾಲಿ ಮಾಡಿ, ತೊಳೆದು, ಮೇಲಿರೋ ನಂಬರ್ ಕಾಣೋ ಹಾಗೆ ಒಂದು ಫೋಟೋ ತೆಗೆದು ಓನರಿಗೆ ಕಳಿಸಿಬಿಡಿ.