ಅಕ್ಕನ ಮಗಳ ಕಿವಿಯಂತ್ರ: ನನ್ನ ಪಾಲಿನ ಕೆಲಸ

ಅಕ್ಕನ ಮಗಳಿಗೆ ಎರಡು ತುಂಬಿದರೂ ಮಾತಿಲ್ಲ, ಕರೆದರೆ ತಿರುಗುವುದೂ ಇಲ್ಲ. ಮನೆಗೆ ಬಂದವರೆಲ್ಲ ‘ನಮ್ಮ ಮಾವನೂ ನಾಲ್ಕಕ್ಕೇ ಮಾತಾಡಿದ್ದು, ಬಿಡಿ’ ಅನ್ನುವವರೇ. ಸಮಾಧಾನ ಹೇಳುವವರು ಜಾಸ್ತಿ, ಜೊತೆಗೆ ಮೈಸೂರಿಗೆ ಹೊರಡುವವರು ಯಾರೂ ಇಲ್ಲ. ನಾನು ಹೊರಟೆ.

ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ಬೇರಾ ಪರೀಕ್ಷೆ, ಅಂದರೆ ಶಬ್ದಕ್ಕೆ ಕಿವಿಯ ನರ, ಮಿದುಳು ಸ್ಪಂದಿಸುತ್ತವೆಯಾ ಅಂತ ನೋಡುವುದು. ತಲೆಗೆ, ಕಿವಿಯ ಹಿಂದೆ ವೈರು ಅಂಟಿಸಿ ಶಬ್ದ ಕೇಳಿಸುತ್ತಾರೆ. ಆಗ ಮಗು ನಿದ್ದೆಯಲ್ಲಿರಬೇಕು. ಹಾಗಾಗಿ ಅರಸೀಕೆರೆಯಿಂದ ರೈಲಿನುದ್ದಕ್ಕೂ ಅವಳನ್ನು ಮಲಗಗೊಡದೆ ಆಡಿಸುವುದು ನನ್ನ ಡ್ಯೂಟಿ. ಅಕ್ಕ ಕಿಟಕಿಗೆ ಒರಗಿ ಒಳ್ಳೇ ನಿದ್ದೆ ತೆಗೆದಳು.

ಎರಡೂ ಕಿವಿಗೆ ಯಂತ್ರ ಬಂತು. ಆಡಿಯಾಲಜಿಸ್ಟ್ (ಶ್ರವಣ ತಜ್ಞರು) ಹೇಳಿಕೊಟ್ಟಿದ್ದನ್ನೆಲ್ಲ ಅಕ್ಕನ ಪಕ್ಕ ಕೂತು ನಾನೂ ಕಲಿತೆ. ಒಬ್ಬರಿಗೇ ಗೊತ್ತಿದ್ದರೆ ಅವರು ಒಂದು ಮದುವೆಗೂ ಹೋಗುವ ಹಾಗಿಲ್ಲ, ಅಲ್ವಾ? ಸೆಲ್ಲಿನ ಸ್ಟಿಕರ್ ಕಿತ್ತು, ಒಂದು ನಿಮಿಷ ಗಾಳಿಗೆ ಬಿಟ್ಟು, ಆಮೇಲೆ ಹಾಕಬೇಕು. ರಾತ್ರಿ ಯಂತ್ರವನ್ನು ಸಿಲಿಕಾ ಜೆಲ್ ಡಬ್ಬಿಯಲ್ಲಿಡಬೇಕು. ಕುಯ್ ಅಂತ ಶಿಳ್ಳೆ ಬಂದರೆ ಮೋಲ್ಡ್, ಅಂದರೆ ಕಿವಿಯ ಅಳತೆಗೆ ಮಾಡಿದ, ಕಿವಿಯೊಳಗೆ ಕೂರುವ ಭಾಗ, ಸರಿಯಾಗಿ ಕೂತಿಲ್ಲ, ಇಲ್ಲವೇ ಮಗು ಬೆಳೆದು ಅದು ಸಡಿಲವಾಗಿದೆ. ಸಡಿಲವಾಗಿದ್ದರೆ ಹೊಸ ಅಳತೆ ಕೊಡಲೇಬೇಕು. ಸುಮ್ನೆ ವಾಲ್ಯೂಮ್ ಇಳಿಸಿದರೆ ಶಿಳ್ಳೆ ನಿಲ್ಲಬಹುದು, ಆದರೆ ಮಗುವಿಗೆ ಮಾತೂ ಸರಿಯಾಗಿ ಕೇಳುವುದಿಲ್ಲ. ಹಳೇ ಸೆಲ್ ಮಕ್ಕಳ ಕೈಗೆ ಸಿಗಬಾರದು, ನುಂಗಿದರೆ ಅಪಾಯ.

ಬೆಳಿಗ್ಗೆ ಯಂತ್ರ ಹಾಕಿದ ಕೂಡಲೇ ಅವಳ ಹಿಂದೆ ಕೂತು ಆ, ಈ, ಊ, ಮ್, ಶ್, ಸ್ ಅನ್ನುತ್ತೇನೆ. ಕೇಳಿಸಿದಾಗಲೆಲ್ಲ ಅವಳು ಡಬ್ಬಿಗೆ ಒಂದು ಪ್ಲಾಸ್ಟಿಕ್ ಬಳೆ ಹಾಕಬೇಕು. ದಿನಾ ಕೇಳುತ್ತಿದ್ದ ಶಬ್ದಕ್ಕೆ ಬಳೆ ಬೀಳದಿದ್ದರೆ ಮೊದಲು ಸೆಲ್ ನೋಡುತ್ತೇನೆ, ಆಮೇಲೆ ಮೋಲ್ಡಿನ ತೂತಿನಲ್ಲಿ ಗುಗ್ಗೆ ಕಟ್ಟಿದೆಯಾ ಅಂತ. ನೆಗಡಿಯಿದ್ದಾಗಲೂ ಹೀಗಾಗುತ್ತದೆ.

ನಮ್ಮಮ್ಮನನ್ನು ಒಪ್ಪಿಸುವುದೇ ಕಷ್ಟವಾಯಿತು. ಮೊಮ್ಮಗಳಿಗೆ ಕೇಳಲಿ ಅಂತ ಕಿರುಚುತ್ತಿದ್ದರು. ‘ಅಮ್ಮಾ, ಕಿರುಚಬೇಡ, ಹತ್ತಿರ ಹೋಗು, ಟೀವಿ ಆರಿಸು’ ಅಂತ ದಿನಾ ಹೇಳಬೇಕಾಯಿತು. ಯಂತ್ರ ಮಾತನ್ನಷ್ಟೇ ಆರಿಸಿ ಕೊಡುವುದಿಲ್ಲ, ಮಿಕ್ಸಿ ಸದ್ದನ್ನೂ ದೊಡ್ಡದು ಮಾಡುತ್ತದೆ. ಈಗ ಅಮ್ಮ ಅವಳನ್ನು ಎದುರಿಗೆ ಕೂರಿಸಿಕೊಂಡು ಅವರೆಕಾಯಿ ಸುಲಿಯುತ್ತಾರೆ. ‘ಕಾಯಿ ಕೊಡು. ಹುಳ ಇದೆ, ಥೂ! ಬಿಸಾಕು.’ ನನ್ನ ಕೇಳಿದರೆ, ದುಡ್ಡು ಕೊಟ್ಟು ತಂದ ಚಿತ್ರದ ಕಾರ್ಡುಗಳಿಗಿಂತ ಇದೇ ಮೇಲು. ‘ಥೂ’ ಅವಳಿಗೆ ಬೇಗ ಬಂತು, ಎಲ್ಲದಕ್ಕೂ ಅನ್ನುತ್ತಾಳೆ.

ಯುಡಿಐಡಿ ಕಾರ್ಡಿನ (ಅಂಗವಿಕಲರ ಸರ್ಕಾರಿ ಗುರುತಿನ ಚೀಟಿ) ಅರ್ಜಿ, ಫೈಲು, ಮುಂದಿನ ತಾರೀಖು ಎಲ್ಲ ನನ್ನ ಹತ್ತಿರ. ಭಾವನಿಗೂ ಕಲಿಸುತ್ತಿದ್ದೇನೆ. ಸೆಲ್ ಹಾಕುವುದು ಬಂದಿದೆ, ಮೋಲ್ಡ್ ಕೂರಿಸುವಾಗ ಇನ್ನೂ ಅಕ್ಕನನ್ನೇ ಕೂಗುತ್ತಾರೆ.