ಜೂಡೋದಲ್ಲಿ ಮೊದಲು ಬೀಳೋದು ಕಲೀರಿ
ಜೂಡೋ ಸೇರಿದ ತಕ್ಷಣ ಎತ್ತಿ ಒಗೆಯೋದು ಕಲಿಸಲ್ಲ, ಮೊದಲು ಉಕೆಮಿ, ಅಂದ್ರೆ ಬೀಳೋದು. ಮ್ಯಾಟ್ ಮೇಲೆ ಕುಕ್ಕರಗಾಲಲ್ಲಿ ಕೂತು, ಗಲ್ಲ ಎದೆಗೆ ಒತ್ತಿ, ಕಣ್ಣು ಬೆಲ್ಟಿನ ಗಂಟಿನ ಮೇಲೇ ಇಟ್ಟು, ಬೆನ್ನು ಗುಂಡಗೆ ಮಾಡ್ಕೊಂಡು ಹಿಂದಕ್ಕೆ ಉರುಳಿ, ಬೆನ್ನು ತಾಗೋ ಹೊತ್ತಿಗೇ ಉಸಿರು ಬಿಡ್ತಾ ಎರಡೂ ಕೈನ ಅಂಗೈಯಿಂದ ಮೊಣಕೈ ತನಕ ಫಟ್ ಅಂತ ಮ್ಯಾಟಿಗೆ ಬಡೀರಿ. ಕೈ ಮೈಯಿಂದ ಸುಮಾರು 45 ಡಿಗ್ರಿ ದೂರ ಇದ್ರೆ ಸಾಕು, ಭುಜದ ಮಟ್ಟಕ್ಕೆ ಹೋದ್ರೆ ಭುಜಕ್ಕೇ ಪೆಟ್ಟು. ತಲೆ ಮಾತ್ರ ತಾಗಲೇಬಾರದು. ನನ್ ಪ್ರಕಾರ ನಿಜವಾದ ಕಷ್ಟ ಅಂದ್ರೆ ಬೀಳುವಾಗ ಕೈ ಊರೋ ಅಭ್ಯಾಸ ಬಿಡೋದು, ಮಣಿಕಟ್ಟು ಮುರಿಯೋದೇ ಅದ್ರಿಂದ. ಇದು ಸರಿ ಹೋದ್ಮೇಲೆ ನಿಂತು ಬೀಳಿ, ಆಮೇಲೆ ಪಕ್ಕಕ್ಕೆ, ಮುಂದಕ್ಕೆ. ಕತ್ತು ನೋವು ಬಂದ್ರೆ ಅವತ್ತಿಗೆ ನಿಲ್ಲಿಸಿ ಕೋಚ್‌ಗೆ ಹೇಳಿ.