ಅಪ್ಪಾಜಿ ಜೊತೆ ಮ್ಯಾಡಿಸನ್‌ಗೆ: ಪರವೂರಿನ ಮ್ಯಾಚಿಗೆ ಹೋಗಿಬಂದ ಕಥೆ

ನಾನು ಅಮೆರಿಕದ ಇಂಡಿಯಾನಾದಲ್ಲಿರುವ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಎಂ.ಎಸ್. ಓದಿದವನು. 2004ರ ಅಕ್ಟೋಬರ್‌ನಲ್ಲಿ ಅಮೆರಿಕನ್ ಫುಟ್‌ಬಾಲ್ ಮ್ಯಾಚು ನೋಡಲು ನಮ್ಮ ರಾಸ್-ಏಡ್ ಸ್ಟೇಡಿಯಂನ ವಿದ್ಯಾರ್ಥಿಗಳ ಸಾಲಿನಲ್ಲಿ ನಿಂತಿದ್ದೆ. ಇನ್ನೇನು ಗೆದ್ದೆವು ಅನ್ನುವಷ್ಟರಲ್ಲಿ ನಮ್ಮ ಕ್ವಾರ್ಟರ್‌ಬ್ಯಾಕ್ (ಚೆಂಡೆಸೆದು ಆಟ ನಡೆಸುವವನು) ಕೈಲ್ ಆರ್ಟನ್ ಕೈಯಿಂದ ಚೆಂಡು ಜಾರಿತು. ಎದುರಾಳಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವನೊಬ್ಬ ಅದನ್ನು ಎತ್ತಿಕೊಂಡು ಓಡಿದ. 20–17, ಆಟ ಮುಗಿಯಿತು. ಅದರ ಹಿಂದಿನ ವರ್ಷ ನಾವು ಅವರ ಊರಾದ ಮ್ಯಾಡಿಸನ್‌ಗೇ ಹೋಗಿ ಗೆದ್ದು ಬಂದಿದ್ದೆವು. ಆ 2003ರ ಗೆಲುವೇ ಕೊನೆ. ಆಮೇಲೆ 2024ರ ತನಕ ವಿಸ್ಕಾನ್ಸಿನ್ ಎದುರು ಪರ್ಡ್ಯೂ ಗೆದ್ದೇ ಇರಲಿಲ್ಲ.

ಇಷ್ಟೆಲ್ಲ ಗೊತ್ತಿದ್ದೂ 2024ರ ಅಕ್ಟೋಬರ್ 5ರ ಮ್ಯಾಚಿಗೆ ಮ್ಯಾಡಿಸನ್‌ಗೆ ಹೊರಟೆ. ನಾವಿರುವುದು ಶಿಕಾಗೊ ಪಕ್ಕದ ನೇಪರ್‌ವಿಲ್‌ನಲ್ಲಿ. ಅಲ್ಲಿಂದ ಕಾರಿನಲ್ಲಿ ಎರಡೂವರೆ ಗಂಟೆ ದಾರಿ. ಜೊತೆಗೆ ಹೆಂಡತಿ, ದಾವಣಗೆರೆಯಿಂದ ಬಂದಿದ್ದ ಎಪ್ಪತ್ತೆರಡು ವರ್ಷದ ಅಪ್ಪಾಜಿ, ಮತ್ತು ಇಂಡಿಯಾನಾಪೊಲಿಸ್‌ನಿಂದ ಬಂದು ಸೇರಿಕೊಳ್ಳಬೇಕಿದ್ದ ನನ್ನ ಹಳೆಯ ರೂಂಮೇಟ್. ಇಂಥ ಪ್ರಯಾಣ ಏಳೆಂಟು ಸಲ ಮಾಡಿದ್ದೇನೆ. ಮೊದಮೊದಲು ಆಟವನ್ನೇ ನಡುವೆ ಇಟ್ಟುಕೊಂಡು ಯೋಜನೆ ಹಾಕಿ ಕೈ ಸುಟ್ಟುಕೊಂಡಿದ್ದೇನೆ. ಇಡೀ ವಾರಾಂತ್ಯದಲ್ಲಿ ನಂಬಲಾಗದ ಒಂದೇ ಒಂದು ವಸ್ತು ಅಂದರೆ ಆ ಆಟವೇ. ತಂಡ ಸೋಲಬಹುದು ಅನ್ನುವುದು ಹಾಗಿರಲಿ, ಆಟ ಎಷ್ಟು ಹೊತ್ತಿಗೆ ಶುರುವಾಗುತ್ತೆ ಅನ್ನುವುದೇ ಗೊತ್ತಿರುವುದಿಲ್ಲ.

ದಿನಾಂಕ ತಿಂಗಳುಗಟ್ಟಲೆ ಮೊದಲೇ ತಿಳಿದಿರುತ್ತೆ. ವೇಳೆ ಮಾತ್ರ ಟಿವಿಯವರ ಕೈಯಲ್ಲಿ. ಈ ಎರಡೂ ತಂಡ ಆಡುವ ಬಿಗ್ ಟೆನ್ ಎಂಬ ಲೀಗಿನಲ್ಲಿ 2023ರಿಂದ ಫಾಕ್ಸ್, ಸಿಬಿಎಸ್, ಎನ್‌ಬಿಸಿ ಮೂರೂ ಚಾನೆಲ್‌ನವರು ಪಾಲುದಾರರು. ಯಾವ ಆಟ ಯಾರಿಗೆ ಅಂತ ಹಂಚಿಕೊಂಡ ಮೇಲೆ ವೇಳೆ ಪ್ರಕಟವಾಗುತ್ತೆ, ಸಾಮಾನ್ಯವಾಗಿ ಹನ್ನೆರಡು ದಿನ ಮೊದಲು. ಕೆಲವೊಮ್ಮೆ ಅದನ್ನೂ ತಡೆಹಿಡಿದು ಆರೇ ದಿನ ಇರುವಾಗ ಹೇಳುತ್ತಾರೆ. ಬೆಳಿಗ್ಗೆ ಹನ್ನೊಂದರ ಆಟವಾದರೆ ಶನಿವಾರ ರಾತ್ರಿ ಮನೆಯಲ್ಲಿ ಮಲಗಬಹುದು. ರಾತ್ರಿ ಆಟವಾದರೆ ಮುಗಿಯುವಾಗಲೇ ಹತ್ತು ದಾಟಿರುತ್ತೆ. ಆಮೇಲೆ ಎಪ್ಪತ್ತೆರಡರ ಅಪ್ಪನನ್ನು ಕೂರಿಸಿಕೊಂಡು ಹೆದ್ದಾರಿ ಹಿಡಿಯುವ ಮಾತೇ ಇಲ್ಲ.

ಹಾಗಾಗಿ ನಾನು ಮೊದಲು ಮಾಡಿದ್ದು ಹೋಟೆಲ್ ಬುಕಿಂಗ್. ಏಪ್ರಿಲ್‌ನಲ್ಲೇ, ಶುಕ್ರವಾರಕ್ಕೂ ಶನಿವಾರಕ್ಕೂ, ಎರಡನ್ನೂ ಬೇರೆಬೇರೆ ಬುಕಿಂಗ್ ಮಾಡಿ. ಒಂದೇ ಬುಕಿಂಗ್‌ನಲ್ಲಿ ಎರಡು ರಾತ್ರಿ ಹಾಕಿ ಆಮೇಲೆ ಒಂದನ್ನು ಕಳೆಯಲು ಹೋದರೆ ಬಾಡಿಗೆ ಹೊಸದಾಗಿ ಲೆಕ್ಕವಾಗುವುದುಂಟು. ಇನ್ನೊಂದು, ರದ್ದು ಮಾಡುವ ಗಡುವು. ದುಡ್ಡು ಕಳೆದುಕೊಳ್ಳದೆ ರದ್ದು ಮಾಡಲು ಏಳು ದಿನ ಮೊದಲೇ ಹೇಳಬೇಕು ಅನ್ನುವ ಹೋಟೆಲ್ ನಮಗೆ ಉಪಯೋಗಕ್ಕಿಲ್ಲ. ಆಟದ ವೇಳೆ ಗೊತ್ತಾಗುವುದೇ ಆರು ದಿನ ಇರುವಾಗ ಆದರೆ? ಎರಡು ಮೂರು ದಿನದ ಗಡುವು ಇರುವುದನ್ನೇ ಹುಡುಕಬೇಕು. ಹಿಂದೊಮ್ಮೆ ಈ ಒಂದು ಸಾಲು ಓದದೆ ಇಡೀ ರಾತ್ರಿಯ ಬಾಡಿಗೆ ತೆತ್ತಿದ್ದೇನೆ.

ಮ್ಯಾಡಿಸನ್ ಊರೊಳಗಿನ ಕೋಣೆಗಳನ್ನು ನಾನು ನೋಡಲೂ ಹೋಗಲಿಲ್ಲ. ಆಟದ ವಾರ ಅಲ್ಲಿ ಬಾಡಿಗೆ ಎರಡು ಮೂರು ಪಟ್ಟು, ಅದರ ಮೇಲೆ ಎರಡು ರಾತ್ರಿ ಕಡ್ಡಾಯ. ನಲವತ್ತು ಮೈಲಿ ಈಚೆ ಜೇನ್ಸ್‌ವಿಲ್‌ನಲ್ಲಿ ಮಾಮೂಲಿ ದರಕ್ಕೆ ಸಿಕ್ಕಿತು. ನಮ್ಮ ದಾರಿಯಲ್ಲೇ ಇರುವ ಊರು, ಮರುದಿನ ಬೆಳಿಗ್ಗೆ ಮುಕ್ಕಾಲು ಗಂಟೆ ಓಡಿಸಿದರೆ ಆಯಿತು.

ಟಿಕೆಟ್ ಮಾತ್ರ ಕೊನೆಗೆ. ಇದರಲ್ಲಿ ನನ್ನ ಹೆಂಡತಿಗೂ ನನಗೂ ಇವತ್ತಿಗೂ ಒಮ್ಮತವಿಲ್ಲ. ನನ್ನ ಲೆಕ್ಕ ಸರಳ: ನಮ್ಮ ತಂಡ ಸೋಲುತ್ತಾ ಹೋದಂತೆ ಮರುಮಾರಾಟದ ಟಿಕೆಟ್ ಇಳಿಯುತ್ತಾ ಹೋಗುತ್ತೆ. ಆ ಸೆಪ್ಟೆಂಬರ್‌ನಲ್ಲಿ ಪರ್ಡ್ಯೂ ನನ್ನ ಲೆಕ್ಕಕ್ಕೆ ತುಂಬಾ ಸಹಾಯ ಮಾಡಿತು. ನೋಟರ್ ಡೇಮ್ ಅನ್ನುವ ಇನ್ನೊಂದು ವಿಶ್ವವಿದ್ಯಾಲಯದ ಎದುರು ನಮ್ಮ ಮೈದಾನದಲ್ಲೇ 66–7ಕ್ಕೆ ಸೋಲು. ಆವತ್ತು ರಾತ್ರಿ ರೂಂಮೇಟ್ ಫೋನ್ ಮಾಡಿ, "ಲೋ, ಬಿಟ್ಟುಬಿಡೋಣ್ವಾ?" ಅಂದ. "ಈಗಲೇ ಕಣೋ ಟಿಕೆಟ್ ತಗೊಳ್ಳೋ ಟೈಮು" ಅಂದೆ. ತಿಂಗಳ ಕೊನೆಗೆ ಒಂದು ಗೆಲುವು, ಮೂರು ಸೋಲು. ನಾಲ್ಕು ಸೀಟು ಜುಲೈನ ಅರ್ಧ ಬೆಲೆಗೆ ಬಂದವು.

ಸೀಟು ಆರಿಸುವಾಗ ಆಟ ಎಲ್ಲಿಂದ ಚೆನ್ನಾಗಿ ಕಾಣುತ್ತೆ ಅಂತ ನೋಡಲಿಲ್ಲ, ಅಪ್ಪಾಜಿ ಮಂಡಿ ನೋಡಿದೆ. ಮ್ಯಾಡಿಸನ್‌ನ ಸ್ಟೇಡಿಯಂ ಆದ ಕ್ಯಾಂಪ್ ರ‍್ಯಾಂಡಲ್‌ನಲ್ಲಿ ಬಹುಪಾಲು ಒರಗು ಇಲ್ಲದ ಉದ್ದ ಬೆಂಚುಗಳು. ಬೆಂಚಿನ ಮೇಲೆ ನಂಬರು ಬರೆದಿರುತ್ತಾರೆ, ಒಂದೊಂದು ನಂಬರಿಗೂ ಸಿಗುವ ಜಾಗ ನಮ್ಮೂರ ಸರ್ಕಾರಿ ಬಸ್ಸಿನ ಮೂರು ಜನರ ಸೀಟಿನಲ್ಲಿ ಒಬ್ಬರಿಗೆ ಸಿಗುವಷ್ಟೇ. ಓಡಾಡುವ ದಾರಿಯ ಪಕ್ಕದ ತುದಿ, ಹೆಚ್ಚು ಮೆಟ್ಟಿಲು ಹತ್ತಬೇಕಿಲ್ಲದ ಸಾಲು, ಶೌಚಾಲಯಕ್ಕೆ ಹತ್ತಿರ. ಮೂರೂ ಸಿಕ್ಕಿದ್ದು ಒಂದು ಮೂಲೆಯಲ್ಲಿ. ಅಪ್ಪಾಜಿಗೆ ಕೂರಲು ದಪ್ಪ ದಿಂಬೊಂದನ್ನು ಬಾಡಿಗೆಗೆ ತೆಗೆದುಕೊಂಡೆ. ಅಪ್ಪಾಜಿ ಟಿಕೆಟನ್ನು ಹೆಂಡತಿ ಫೋನಿಗೆ ಕಳಿಸಿ, ಎಲ್ಲವನ್ನೂ ಮನೆಯಲ್ಲೇ ಫೋನಿನ ವಾಲೆಟ್‌ಗೆ ಇಳಿಸಿಕೊಂಡೆವು. ಗೇಟಿನ ಮುಂದೆ ಎಪ್ಪತ್ತು ಸಾವಿರ ಫೋನು ಒಟ್ಟಿಗೆ ಉಸಿರಾಡುವಾಗ ನೆಟ್‌ವರ್ಕ್ ನಂಬಿದರೆ ಕೆಟ್ಟೆವು.

ವೇಳೆ ಬಂತು: ಬೆಳಿಗ್ಗೆ 11. ಶನಿವಾರದ ಕೋಣೆ ರದ್ದು ಮಾಡಿದೆ.

ಶುಕ್ರವಾರ ಮೂರಕ್ಕೆ ಹೊರಟೆವು. ಶಿಕಾಗೊ ಕಡೆಯಿಂದ ಬರುವ ಐ-90 ಹೆದ್ದಾರಿಯಲ್ಲಿ ಶುಕ್ರವಾರದ ಸಂಜೆ ಸಿಕ್ಕಿಕೊಳ್ಳುವುದಕ್ಕಿಂತ ಐ-88 ಹಿಡಿದು ರೋಶೆಲ್‌ಗೆ ಹೋಗಿ, ಅಲ್ಲಿ ಐ-39ಕ್ಕೆ ಉತ್ತರಕ್ಕೆ ತಿರುಗುವುದು ನನಗೆ ಹಿಡಿಸಿದ ದಾರಿ. ಎರಡೂ ಕಡೆ ಒಣಗಿ ನಿಂತ ಮೆಕ್ಕೆಜೋಳ, ಲಾರಿಗಳು, ಬೇರೇನಿಲ್ಲ. ಅಪ್ಪಾಜಿ ಕಿಟಕಿಯಿಂದ ನೋಡುತ್ತಾ, "ಇಷ್ಟು ಮೆಕ್ಕೆಜೋಳ ನಮ್ಮ ಜಿಲ್ಲೆಯಾಗೂ ಐತಿ, ಆದ್ರ ಒಬ್ಬ ಆಳೂ ಕಾಣವಲ್ಲ" ಅಂದರು.

ಜೇನ್ಸ್‌ವಿಲ್‌ಗೆ ರೂಂಮೇಟ್ ರಾತ್ರಿ ಒಂಬತ್ತಕ್ಕೆ ಬಂದ. ಬೆಳಗಿನ ನಾಲ್ಕೂವರೆಗೆ ನಮ್ಮ ಬಾಗಿಲು ಬಡಿಯುತ್ತಿದ್ದ. "ಏಳ್ರೋ, ಹತ್ತಕ್ಕೇ ಕಿಕಾಫ್!" ಅವನ ಫೋನಿನ ಕ್ಯಾಲೆಂಡರ್‌ನಲ್ಲಿ ಹತ್ತು ಅಂತಲೇ ಇತ್ತು. ಆಗಿದ್ದಿಷ್ಟು: ಇಂಡಿಯಾನಾಪೊಲಿಸ್ ಈಸ್ಟರ್ನ್ ಟೈಮ್, ಮ್ಯಾಡಿಸನ್ ಸೆಂಟ್ರಲ್. ಟಿಕೆಟಿನಲ್ಲಿದ್ದ ಹನ್ನೊಂದನ್ನು ಅವನು ಮನೆಯಲ್ಲಿ ಕೂತು ಬರೆದುಕೊಂಡಿದ್ದ. ಫೋನು ಅದನ್ನು ಅವನೂರಿನ ಹನ್ನೊಂದು ಅಂದುಕೊಂಡು, ಗಡಿ ದಾಟುತ್ತಿದ್ದಂತೆ ಒಂದು ಗಂಟೆ ಹಿಂದಕ್ಕೆ ಎಳೆದಿತ್ತು. ಇಂಡಿಯಾನಾದಿಂದ ಇತ್ತ ಬರುವವರು ವೇಳೆಯನ್ನು ಕ್ಯಾಲೆಂಡರ್‌ಗೆ ಹಾಕುವ ಬದಲು ಚೀಟಿಯಲ್ಲಿ ಬರೆದುಕೊಳ್ಳುವುದು ಒಳ್ಳೆಯದು.

ಅಪ್ಪಾಜಿ ಆಗಲೇ ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡು ಕೂತಿದ್ದರು. ಇನ್ನು ಮಲಗಿ ಏನು ಮಾಡುವುದು ಅಂತ ಹೊರಟೇಬಿಟ್ಟೆವು. ಆರೂಕಾಲಿಗೆ ಮ್ಯಾಡಿಸನ್‌ನ ಕ್ಯಾಪಿಟಲ್ ಚೌಕದಲ್ಲಿದ್ದೆವು. ಶಾಸನ ಸಭೆಯ ಬಿಳಿ ಗುಮ್ಮಟ, ಅದರ ಸುತ್ತಲೂ ಶನಿವಾರದ ರೈತರ ಸಂತೆ. 1972ರಿಂದ ನಡೆಯುತ್ತಿರುವ ಸಂತೆ ಇದು. ಬೆಳೆದವರೇ, ಮಾಡಿದವರೇ ಬಂದು ಮಾರಬೇಕು, ದಲ್ಲಾಳಿಗಳಿಗೆ ಜಾಗವಿಲ್ಲ. ಎಪಿಎಂಸಿ ಕಂಡವರಾದ ಅಪ್ಪಾಜಿಗೆ ಈ ಮಾತು ಕೇಳಿಯೇ ಖುಷಿಯಾಯಿತು. ಆದರೆ ಐದು ಹೆಜ್ಜೆ ಇಟ್ಟು ನಿಂತುಬಿಟ್ಟರು.

"ಏನಪ್ಪಾ ಇದು, ಎಲ್ಲಾರೂ ಉಲ್ಟಾ ಸುತ್ತಾಕತ್ಯಾರ?"

ನಿಜ. ಆ ಸಂತೆಯಲ್ಲಿ ಜನ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ನಡೆಯುವುದು ರೂಢಿ. ಗುಮ್ಮಟವನ್ನು ಎಡಕ್ಕಿಟ್ಟುಕೊಂಡು ಇಡೀ ಊರು ಅಪ್ರದಕ್ಷಿಣೆ ಹಾಕುತ್ತಿತ್ತು. ಅಪ್ಪಾಜಿ ಬಲಕ್ಕಿಟ್ಟುಕೊಂಡೇ ಸುತ್ತುತ್ತೇನೆ ಅಂತ ಹಟ ಹಿಡಿದರು. ಒಂದು ತಳ್ಳುಗಾಡಿ, ಎರಡು ನಾಯಿ, ಹೂಗುಚ್ಛ ಹಿಡಿದ ಒಬ್ಬ ಅಜ್ಜಿ, ಇಷ್ಟು ಎದುರಾದ ಮೇಲೆ ತಾವೇ ತಿರುಗಿದರು. "ಆಟದ ದಿನ ಇದು ಚಲೋ ಲಕ್ಷಣ ಅಲ್ಲ" ಅಂತ ಗೊಣಗಿದ್ದು ಮಾತ್ರ ಕೇಳಿಸಿತು.

ಅಲ್ಲಿ ಚೀಸ್ ಕರ್ಡ್ ಅಂತ ಮಾರುತ್ತಾರೆ. ಚೀಸ್ ಮಾಡುವಾಗ ಅಚ್ಚಿಗೆ ಒತ್ತುವ ಮೊದಲಿನ ಗಟ್ಟಿ ತುಣುಕುಗಳು. ತಾಜಾ ಇದ್ದರೆ ಹಲ್ಲಿಗೆ ಸಿಕ್ಕಾಗ ಹೊಸ ಚಪ್ಪಲಿಯ ಹಾಗೆ ಕಿರ್ ಕಿರ್ ಅನ್ನುತ್ತೆ. ಎರಡು ದಿನ ಫ್ರಿಜ್ಜಿನಲ್ಲಿಟ್ಟರೆ ಆ ಸದ್ದು ಹೋಯಿತು ಅಂತ ಲೆಕ್ಕ. ಹಾಲು ಒಡೆಯಲು ಬಳಸುವ ರೆನೆಟ್ ಕರುವಿನ ಹೊಟ್ಟೆಯಿಂದ ತೆಗೆದದ್ದೂ ಇರಬಹುದು, ಪ್ರಾಣಿಗಳಿಂದ ತೆಗೆಯದ್ದೂ ಇರಬಹುದು. ಕೇಳಿದರೆ ಬೇಸರವಿಲ್ಲದೆ ಹೇಳುತ್ತಾರೆ. ಮೂರನೆಯ ಅಂಗಡಿಯಲ್ಲಿ ಸಸ್ಯಾಹಾರಿಗಳಿಗೆ ಆಗುವಂಥದ್ದು ಸಿಕ್ಕಿತು. ಅಪ್ಪಾಜಿ ಒಂದು ತುಣುಕು ಅಗಿದು, "ಗಿಣ್ಣಕ್ಕ ಸಕ್ರಿ ಹಾಕೋದು ಮರ್ತಾರ" ಅಂದು ಇಡೀ ಪೊಟ್ಟಣ ಖಾಲಿ ಮಾಡಿದರು.

ಕಾರನ್ನು ಚೌಕದ ಹತ್ತಿರದ ಪಾರ್ಕಿಂಗ್ ಕಟ್ಟಡದಲ್ಲೇ ಬಿಟ್ಟು ಸ್ಟೇಡಿಯಂ ಕಡೆಗೆ ಬಸ್ಸು ಹಿಡಿದೆವು. ರೂಂಮೇಟ್ ಮಾತ್ರ ತನ್ನ ಕಾರನ್ನು ಸ್ಟೇಡಿಯಂ ಪಕ್ಕದ ಬೀದಿಗೇ ಒಯ್ದ. ಅಲ್ಲಿ ಆಟದ ದಿನ ಮನೆಯವರೇ ರಟ್ಟಿನ ಬೋರ್ಡು ಹಿಡಿದು ಅಂಗಳದ ಹುಲ್ಲಿನ ಮೇಲೆ ಕಾರು ನಿಲ್ಲಿಸಲು ಕರೆಯುತ್ತಾರೆ. ಆ ಅಂಗಳದಲ್ಲೇ ನಮ್ಮ ಟೇಲ್‌ಗೇಟ್, ಅಂದರೆ ಆಟಕ್ಕೆ ಮೊದಲು ಕಾರಿನ ಹಿಂದೆ ನಿಂತು ತಿನ್ನುವ ಊಟ. ಡಿಕ್ಕಿ ತೆರೆದು ನರ್ಗೀಸ್ ಮಂಡಕ್ಕಿ, ಶೇಂಗಾ ಚಟ್ನಿಪುಡಿ ಸವರಿದ ಚಪಾತಿ ಸುರುಳಿ, ಫ್ಲಾಸ್ಕಿನಲ್ಲಿ ಚಹಾ. ಹನ್ನೊಂದರ ಆಟಕ್ಕೆ ಇದಕ್ಕಿಂತ ಹೆಚ್ಚು ಬೇಡ. ಪಕ್ಕದ ಕಾರಿನ ಕೆಂಪಂಗಿಯವರು ಬೆಳಿಗ್ಗೆ ಒಂಬತ್ತಕ್ಕೇ ಬ್ರಾಟ್‌ವರ್ಸ್ಟ್ ಅನ್ನುವ ಮಾಂಸದ ಸಾಸೇಜ್ ಸುಡುತ್ತಿದ್ದರು. ನಮ್ಮ ಚಿನ್ನದ ಬಣ್ಣದ ಟೋಪಿ ನೋಡಿ ಸಂತಾಪ ಸೂಚಿಸುವ ದನಿಯಲ್ಲಿ ಸ್ವಾಗತ ಕೋರಿದರು. ಅಪ್ಪಾಜಿ ಅವರ ಕೈಗೆ ಮಂಡಕ್ಕಿ ಸುರಿದರು. ಖಾರಕ್ಕೆ ಒಬ್ಬನ ಮುಖ ಅಂಗಿಯ ಬಣ್ಣಕ್ಕೇ ತಿರುಗಿತು.

ಗೇಟಿನಲ್ಲಿ ಎಡವಿದ್ದು ನಾವೇ. ಒಳಗೆ ಪಾರದರ್ಶಕ ಚೀಲ ಮಾತ್ರ ಅಂತ ನಾಲ್ಕು ಸಲ ಹೇಳಿದ್ದ ನನ್ನ ಹೆಂಡತಿಯೇ ತನ್ನ ದಿನಬಳಕೆಯ ಕೈಚೀಲ ಹೆಗಲಿಗೆ ಹಾಕಿಕೊಂಡು ಬಂದಿದ್ದಳು. ನಮ್ಮ ಕಾರು ಮೈಲಿ ದೂರ. ರೂಂಮೇಟ್ ಅಂಗಳದ ತನಕ ಓಡಿ ಚೀಲ ಇಟ್ಟು ಬಂದ. ಅಪ್ಪಾಜಿಯ ಸಕ್ಕರೆ ಕಾಯಿಲೆಯ ಮಾತ್ರೆ ಡಬ್ಬಿ ತೋರಿಸಿದೆವು, ಅದನ್ನು ಬಿಟ್ಟರು.

ಆಟದ ಬಗ್ಗೆ ಹೇಳುವುದು ಕಡಿಮೆ. 52–6. ಪರ್ಡ್ಯೂದು ಆರು.

ಆದರೆ ಅಪ್ಪಾಜಿಗೆ ಒಂದು ಕ್ಷಣವೂ ಬೇಸರವಾಗಲಿಲ್ಲ, ಅದಕ್ಕೆ ಕಾರಣ ಬಕ್ಕಿ. ವಿಸ್ಕಾನ್ಸಿನ್‌ನ ಲಾಂಛನ ಬ್ಯಾಜರ್ ಅನ್ನುವ ಪ್ರಾಣಿ, ಅದರ ವೇಷ ಹಾಕಿದವನೇ ಬಕ್ಕಿ. ತಂಡ ಅಂಕ ಗಳಿಸಿದಾಗಲೆಲ್ಲ ಅವನು ಅಲ್ಲಿಯವರೆಗಿನ ಒಟ್ಟು ಅಂಕದಷ್ಟು ಪುಷ್‌ಅಪ್ ಹೊಡೆಯಬೇಕು. ಸುತ್ತಲಿನವರೆಲ್ಲ ಕೂಗಿ ಎಣಿಸುತ್ತಾರೆ. ಅಪ್ಪಾಜಿ ಹರೆಯದಲ್ಲಿ ದಾವಣಗೆರೆಯ ಗರಡಿ ಮನೆಯ ಮಣ್ಣು ಹೊತ್ತವರು. "ಅರೇ, ದಂಡ ಹೊಡಿತಾನ!" ಅಂತ ದಿಂಬು ಬಿಟ್ಟು ಎದ್ದರು. ಅಂಕ ಏರಿದಂತೆ ದಂಡಗಳೂ ಏರಿದವು. ಕೊನೆಗೆ ಒಟ್ಟು ಇನ್ನೂರು ದಾಟಿರಬೇಕು. ಅಪ್ಪಾಜಿ ಕನ್ನಡದಲ್ಲಿ ಎಣಿಸುತ್ತಾ, "ಎದಿ ನೆಲಕ್ಕ ತಾಗವಲ್ದು, ಇದು ಲೆಕ್ಕಕ್ಕಿಲ್ಲ" ಅಂತ ತೀರ್ಪು ಕೊಡುತ್ತಿದ್ದರು.

ಆಟದ ನಾಲ್ಕು ಕ್ವಾರ್ಟರ್‌ಗಳಲ್ಲಿ ಮೂರನೆಯದು ಮುಗಿದೊಡನೆ ಒಂದು ಹಾಡು ಹಾಕುತ್ತಾರೆ, ಇಡೀ ಸ್ಟೇಡಿಯಂ ಕುಣಿಯುತ್ತೆ. ಈ ಪದ್ಧತಿ ಶುರುವಾಗಿದ್ದು 1998ರಲ್ಲಿ, ನಮ್ಮ ಪರ್ಡ್ಯೂ ಎದುರಿನ ಆಟದಲ್ಲೇ. ಆವತ್ತು ನಮ್ಮ ಕ್ವಾರ್ಟರ್‌ಬ್ಯಾಕ್ ಡ್ರೂ ಬ್ರೀಸ್ 83 ಸಲ ಚೆಂಡೆಸೆದು 55 ಸಲ ಗುರಿ ಮುಟ್ಟಿಸಿಯೂ 31–24ಕ್ಕೆ ಸೋತ. ಬೆಂಚು ನಡುಗಿದ್ದು ಕಂಡು ಅಪ್ಪಾಜಿ, "ಕಟ್ಟಡ ಗಟ್ಟಿ ಐತೇನೋ?" ಅಂದರು. 2003ರಲ್ಲಿ ಇದೇ ಅನುಮಾನ ಬಂದು ಒಂದು ಆಟಕ್ಕೆ ಹಾಡು ನಿಲ್ಲಿಸಿದ್ದರು, ವಿದ್ಯಾರ್ಥಿಗಳು ಗಲಾಟೆ ಮಾಡಿದರು, ಎಂಜಿನಿಯರುಗಳು ಪರವಾಗಿಲ್ಲ ಅಂದ ಮೇಲೆ ಮತ್ತೆ ಶುರುವಾಯಿತು. ಇದನ್ನು ಹೇಳಿ ಮುಗಿಸುವಷ್ಟರಲ್ಲಿ ನನ್ನ ಹೆಂಡತಿಯೂ ಕುಣಿಯುತ್ತಿದ್ದಳು, ಎದುರಾಳಿಗಳ ಹಾಡಿಗೆ!

ಆಟ ಮುಗಿದ ಮೇಲೆ ಅಲ್ಲಿನ ಬ್ಯಾಂಡ್ ಮೈದಾನಕ್ಕಿಳಿದು ಬಾರಿಸುತ್ತಾ ಹಾಡುತ್ತಾ ಕುಣಿಯುತ್ತೆ. ಅದಕ್ಕೆ ಐದನೆಯ ಕ್ವಾರ್ಟರ್ ಅಂತ ಹೆಸರು. ಅಷ್ಟು ಹೊತ್ತು ಕೂತರೆ ದಾರಿಯ ಗದ್ದಲವೂ ಕರಗುತ್ತೆ. ನಮ್ಮ ಬಸ್ಸು ಬೇಗ ಸಿಕ್ಕಿತು. ರೂಂಮೇಟ್ ಮಾತ್ರ ಒಂದೂವರೆ ಗಂಟೆ ಅಂಗಳದಲ್ಲೇ ಸಿಕ್ಕಿಬಿದ್ದ. ಅವನ ಕಾರಿನ ಹಿಂದೆ ಎರಡು ಕಾರು ಅಡ್ಡ, ಅವುಗಳ ಮಾಲೀಕರು ಯಾವುದೋ ಬಾರಿನಲ್ಲಿ. ದುಡ್ಡು ಕೊಡುವ ಮೊದಲು "ಹಿಂದೆ ಇನ್ನೊಂದು ಕಾರು ನಿಲ್ಲಿಸ್ತೀರಾ?" ಅಂತ ಕೇಳಿಕೊಳ್ಳಬೇಕು. ಹೆಂಡತಿಯ ಕೈಚೀಲ ಅವನ ಕಾರಿನಲ್ಲೇ ಇಂಡಿಯಾನಾಗೆ ಹೋಯಿತು, ಅಂಚೆಯಲ್ಲಿ ವಾಪಸ್ ಬಂತು.

ಸಂಜೆ ರೋಶೆಲ್ ಹತ್ತಿರ ಪೆಟ್ರೋಲ್ ಹಾಕಿಸಲು ನಿಲ್ಲಿಸಿದೆ. ಅಪ್ಪಾಜಿ ಕೆಳಗಿಳಿದು ಮೈ ಮುರಿದರು. "ನಿಮ್ಮ ಟೀಮಿಂದು ಎಷ್ಟಾತಪ್ಪಾ?"

"ಆರು, ಅಪ್ಪಾಜಿ."

"ಆರಕ್ಕ ಯಾರೂ ದಂಡ ಹೊಡೀಲಿಲ್ಲಲ್ಲ." ಕನ್ನಡಕ ಬಿಚ್ಚಿ ನನ್ನ ಕೈಗೆ ಕೊಟ್ಟರು. "ಮಾವ, ಬೇಡ, ಮಂಡಿ!" ಅಂತ ಹೆಂಡತಿ ಕಾರಿನೊಳಗಿಂದಲೇ ಕೂಗಿದಳು. ಅಷ್ಟರಲ್ಲಿ ಅವರು ಪಕ್ಕದ ಹುಲ್ಲಿನ ಮೇಲೆ ಅಂಗೈ ಊರಿದ್ದರು. ನಾನು ಎಣಿಸಿದೆ. ನಾಲ್ಕರ ತನಕ ಸರಾಗ, ಐದಕ್ಕೆ ತೋಳು ನಡುಗಿತು. ಆರನೆಯದಕ್ಕೆ ಎದೆ ಹುಲ್ಲಿಗೆ ತಾಗಿತು, ನಾನೇ ನೋಡಿದೆ.